ತಂಡದ ಲಾಂಛನವೂ ಊರಿನ ಕಾರ್ಯವೂ

ಆಟದ ತಂಡವು ಪ್ರಾಣಿಯೊಂದನ್ನು ಲಾಂಛನವಾಗಿರಿಸಿಕೊಂಡು, ಅದರ ವೇಷವನ್ನು ಜನರ ನಡುವೆ ಕಳುಹಿಸುವುದು ಬರಿಯ ಮಕ್ಕಳ ವಿನೋದವೆಂದು ಹಲವರು ಎಣಿಸುವರು. ನಾವು ಹಾಗೆಣಿಸುವುದಿಲ್ಲ. 1982ರ ದಿಲ್ಲಿಯ ಏಶಿಯನ್ ಕ್ರೀಡೆಗಳಲ್ಲಿ ಗೆದ್ದವರಾರೆಂಬುದನ್ನು ಮರೆತವರಿಗೂ ‘ಅಪ್ಪು’ ಎಂಬ ಆನೆಮರಿಯ ನೆನಪುಂಟು. ರೈಲ್ವೆಯ 150ನೆಯ ವರ್ಷದ ಉತ್ಸವಕ್ಕೆಂದು 2002ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾದ ‘ಭೋಲು’ ಎಂಬ ಗಾರ್ಡ್ ಆನೆಯನ್ನು ಇಲಾಖೆಯು ಮರುವರ್ಷವೇ ಸ್ಥಿರ ಲಾಂಛನವಾಗಿ ಸ್ವೀಕರಿಸಿತು.

ಬಾಗಲಕೋಟೆ ಜಿಲ್ಲೆಯ ತಂಡಗಳು ಲಾಂಛನವನ್ನು ಎರವಲು ತರಬೇಕಾಗಿಲ್ಲ. ಬಾದಾಮಿಯ ಚಾಲುಕ್ಯರ ಲಾಂಛನವು ವರಾಹ. 578ರಲ್ಲಿ ಮಂಗಲೇಶನು ಮಾಡಿಸಿದ ಮೂರನೆಯ ಗುಹೆಯಲ್ಲಿ ಭೂದೇವಿಯನ್ನೆತ್ತಿದ ವರಾಹನು ಇಂದಿಗೂ ನಿಂತಿರುವನು. ಮುಳುಗಿದ ನೆಲವನ್ನೆತ್ತಿದ ಆ ಮೂರ್ತಿಯ ಅರ್ಥವನ್ನು, ಆಲಮಟ್ಟಿಯ ಹಿನ್ನೀರಿಗೆ ಮನೆಮಾರು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ಬೇರೆ ಹೇಳಬೇಕೆ? ದೇವರ ರೂಪವನ್ನು ವೇಷವಾಗಿಸಲು ಮನಸ್ಸೊಪ್ಪದವರು ಮುಧೋಳದ ಬೇಟೆನಾಯಿಯನ್ನು ಆರಿಸಲಿ. 2005ರಲ್ಲಿ ಅಂಚೆ ಇಲಾಖೆಯೇ ತನ್ನ ಚೀಟಿಯ ಮೇಲೆ ಅದನ್ನು ಅಚ್ಚುಹಾಕಿ ಗೌರವಿಸಿದೆ.

ಆದರೆ ವೇಷವು ಪಂದ್ಯದ ದಿನ ಮೈದಾನದಲ್ಲಿ ಕುಣಿದು ಪೆಟ್ಟಿಗೆ ಸೇರಿದರೆ ಪ್ರಯೋಜನವೇನು? ಅದು ಹುನಗುಂದದ ಶಾಲೆಗಳಿಗೆ ಹೋಗಲಿ. ಇಳಕಲ್ಲಿನ ನೇಕಾರರ ಓಣಿಗಳಿಗೆ, ಬಾದಾಮಿಯ ಜಾತ್ರೆಗೆ ಹೋಗಲಿ. ಆಟಗಾರರೂ ಜೊತೆಯಲ್ಲಿ ಹೋಗಿ, ಮೈದಾನದ ಮುಖವನ್ನೇ ಕಾಣದ ಬಾಲಕ ಬಾಲಕಿಯರನ್ನು ಆಟಕ್ಕೆ ಕರೆಯತಕ್ಕದ್ದು. ಆ ಕರೆಗೆ ಓಗೊಟ್ಟು ಬಂದ ಮಗುವಿಗೆ ಆಡಲು ಬಯಲೂ ಕಲಿಸಲು ಗುರುವೂ ಸಿದ್ಧವಿರಬೇಕು. ಈ ಏರ್ಪಾಡನ್ನು ನಗರಸಭೆಗಳೂ ಕ್ರೀಡಾ ಇಲಾಖೆಯೂ ಮೊದಲು ಮಾಡಲಿ. ವೇಷವನ್ನು ಆಮೇಲೆ ಹೊಲಿಸಬಹುದು.