ಕೋಚ್ ಬದಲಾದ್ರೆ ತಂಡ ಬದಲಾಗುತ್ತಾ? ಸ್ಟಿಮಾಚ್ ಹೋದ ಮೇಲೆ ನಮಗೆ ಸಿಕ್ಕಿದ್ದೇನು?

ಬಸ್ಸಿನ ಗಲಾಟೆಯಲ್ಲಿ ಕೇಳೋಕಾಗದವರಿಗೆ, ಇಯರ್‌ಫೋನ್ ಮನೇಲಿ ಮರೆತು ಬಂದವರಿಗೆ ಈ ಸಂಚಿಕೆಯ ಬರಹ ರೂಪ ಇಲ್ಲಿದೆ.

ಒಂದು ರಾತ್ರಿಯಿಂದ ಶುರು ಮಾಡ್ತೀನಿ. 2023ರ ಜುಲೈ 4, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತ ಮತ್ತು ಕುವೈತ್. 1–1 ಆಗಿ ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯ್ತು. ಗುರುಪ್ರೀತ್ ಸಿಂಗ್ ಸಂಧು ಕೊನೆಯ ಒದೆತ ತಡೆದಾಗ ನಾನು ಗ್ಯಾಲರಿಯಲ್ಲಿದ್ದೆ. ಪಕ್ಕದಲ್ಲಿ ನಿಂತಿದ್ದ ಗುರುತೇ ಇಲ್ಲದ ಹುಡುಗನನ್ನ ತಬ್ಬಿಕೊಂಡು ಕುಣಿದಿದ್ದೆ. ಭಾರತ 5–4ರಲ್ಲಿ ಕಪ್ ಗೆದ್ದಿತ್ತು. ಆ ತಿಂಗಳು ಫಿಫಾ ರ‍್ಯಾಂಕಿಂಗ್‌ನಲ್ಲಿ ನಾವು 99ನೇ ಸ್ಥಾನಕ್ಕೆ ಬಂದೆವು. ಮುಖ್ಯ ಕೋಚ್ ಇಗೊರ್ ಸ್ಟಿಮಾಚ್ ಆಗ ನಮ್ಮ ಹೀರೊ.

ಹನ್ನೊಂದು ತಿಂಗಳು ಕಳೀತು. 2024ರ ಜೂನ್‌ನಲ್ಲಿ ಅದೇ ನಾನು, ಅದೇ ಫೋನಿನಲ್ಲಿ, 'ಸ್ಟಿಮಾಚ್ ಔಟ್' ಅಂತ ಟೈಪ್ ಮಾಡ್ತಿದ್ದೆ. ಜೂನ್ 17ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನ ತೆಗೆದೇ ಬಿಡ್ತು. ನಾನು ಕೇಳಿದ್ದು ನನಗೆ ಸಿಕ್ತು. ಆಮೇಲೆ ಏನಾಯ್ತು? ಇವತ್ತು ಅದನ್ನೇ ಮಾತಾಡೋಣ. ಸೋಲ್ತಾ ಇರೋ ತಂಡ ವರ್ಷಗಳಿಂದ ಇರೋ ಕೋಚನ್ನ ಬದಲಾಯಿಸಬೇಕಾ, ಬೇಡವಾ?

ಮೊದಲು ಹಿನ್ನೆಲೆ. ಸ್ಟಿಮಾಚ್ ಕ್ರೊವೇಷ್ಯಾದವರು. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊವೇಷ್ಯಾ ತಂಡದಲ್ಲಿ ಡಿಫೆಂಡರ್ ಆಗಿದ್ದರು. 2019ರ ಮೇ ತಿಂಗಳಲ್ಲಿ ಭಾರತದ ಕೋಚ್ ಆದರು. ಆಗ ನಮ್ಮ ರ‍್ಯಾಂಕ್ 101. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಏಷ್ಯಾ ಚಾಂಪಿಯನ್ ಕತಾರ್ ವಿರುದ್ಧ ಅವರದ್ದೇ ಊರಿನಲ್ಲಿ, ಅದೂ ಸುನಿಲ್ ಚೆಟ್ರಿ ಇಲ್ಲದೆ, 0–0 ಡ್ರಾ ಸಿಕ್ತು. 2022ರಲ್ಲಿ ಕೋಲ್ಕತ್ತದಲ್ಲಿ ಮೂರಕ್ಕೆ ಮೂರೂ ಪಂದ್ಯ ಗೆದ್ದು ಏಷ್ಯಾ ಕಪ್‌ಗೆ ಅರ್ಹತೆ ಬಂತು. 2023ರಲ್ಲಿ ಇಂಫಾಲ, ಭುವನೇಶ್ವರ, ಬೆಂಗಳೂರು ಅಂತ ಮೂರು ಟ್ರೋಫಿ. ಅಕ್ಟೋಬರ್‌ನಲ್ಲಿ ಫೆಡರೇಷನ್ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿತು.

ಆ ಮೂರೂ ಟ್ರೋಫಿ ಗೆದ್ದದ್ದು ಭಾರತದ ನೆಲದಲ್ಲಿ ಅನ್ನೋದನ್ನ ಗಮನಿಸಿ. ಆಗ ನಾವ್ಯಾರೂ ಗಮನಿಸಲಿಲ್ಲ.

ನಂತರ ಇಳಿಜಾರು. 2024ರ ಜನವರಿಯಲ್ಲಿ ಏಷ್ಯಾ ಕಪ್. ಆಸ್ಟ್ರೇಲಿಯಾ ವಿರುದ್ಧ 0–2, ಉಜ್ಬೇಕಿಸ್ತಾನ ವಿರುದ್ಧ 0–3, ಸಿರಿಯಾ ವಿರುದ್ಧ 0–1. ಮೂರು ಪಂದ್ಯ, ಒಂದೂ ಗೋಲಿಲ್ಲ. ಮಾರ್ಚ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಅಫ್ಗಾನಿಸ್ತಾನ ಎದುರಾಯ್ತು. ಆ ತಂಡದ ಹಲವು ಆಟಗಾರರು ತಮ್ಮ ಫೆಡರೇಷನ್ ಜೊತೆ ಜಗಳ ಮಾಡಿಕೊಂಡು ಆಡೋಕೇ ಬಂದಿರಲಿಲ್ಲ. ಮೊದಲ ಪಂದ್ಯ 0–0. ಎರಡನೆಯದು ಗುವಾಹಟಿಯಲ್ಲಿ, ಚೆಟ್ರಿಯ 150ನೇ ಪಂದ್ಯ. ಅವರೇ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ಎರಡು ಗೋಲು ಬಿಟ್ಟುಕೊಟ್ಟು 1–2ರಲ್ಲಿ ಸೋತೆವು. ಆ ರಾತ್ರಿ ಟಿವಿ ಆಫ್ ಮಾಡಿದ್ದು ನೆನಪಿದೆ, ರಿಮೋಟ್ ಎಲ್ಲಿ ಎಸೆದೆ ಅನ್ನೋದು ನೆನಪಿಲ್ಲ.

ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ಜೊತೆ 0–0. ಅದು ಚೆಟ್ರಿಯ ವಿದಾಯದ ಪಂದ್ಯ. ಜೂನ್ 11ಕ್ಕೆ ದೋಹಾದಲ್ಲಿ ಕತಾರ್ ವಿರುದ್ಧ ಲಲಿಯನ್‌ಜುವಾಲಾ ಛಾಂಗ್ಟೆ ಗೋಲಿನಿಂದ 1–0 ಮುಂದಿದ್ದೆವು. 73ನೇ ನಿಮಿಷದಲ್ಲಿ ಚೆಂಡು ಗೋಲ್ ಲೈನ್ ದಾಟಿ ಹೊರಗೆ ಹೋಗಿತ್ತು. ಕತಾರ್ ಆಟಗಾರರು ಅದನ್ನ ಒಳಗೆ ಎಳ್ಕೊಂಡು ಗೋಲು ಹೊಡೆದರು, ರೆಫರಿ ಕೊಟ್ಟರು. ವಿಎಆರ್ ಇರಲಿಲ್ಲ. ಕೊನೆಗೆ 1–2. ಗುಂಪಿನಲ್ಲಿ ಕುವೈತ್‌ಗೆ 7 ಪಾಯಿಂಟ್, ನಮಗೆ 5. ಆರು ದಿನಗಳ ನಂತರ ಸ್ಟಿಮಾಚ್ ವಜಾ.

ಇಲ್ಲಿ ಏನು ಕೈತಪ್ಪಿತು ಅಂತ ತಿಳಿದ್ರೆ ನಮ್ಮ ಸಿಟ್ಟು ಅರ್ಥ ಆಗುತ್ತೆ. ವಿಶ್ವಕಪ್ 48 ತಂಡಗಳಿಗೆ ಹಿಗ್ಗಿದ್ದರಿಂದ ಏಷ್ಯಾದ ಮೂರನೇ ಸುತ್ತಿಗೆ 18 ತಂಡಗಳಿಗೆ ಜಾಗ ಇತ್ತು. ಅಲ್ಲಿಗೆ ಹೋದವರಿಗೆ 2027ರ ಏಷ್ಯಾ ಕಪ್ ಟಿಕೆಟ್ ಕೂಡ ನೇರವಾಗಿ ಸಿಗ್ತಿತ್ತು. ಅಫ್ಗಾನಿಸ್ತಾನ ವಿರುದ್ಧ ಒಂದೇ ಒಂದು ಪಂದ್ಯ ಗೆದ್ದಿದ್ರೆ ಕಥೆಯೇ ಬೇರೆ ಇರ್ತಿತ್ತು. ಮೂರನೇ ಸುತ್ತಿಗೆ ಕರ್ಕೊಂಡು ಹೋಗದಿದ್ರೆ ನಾನೇ ಹೋಗ್ತೀನಿ ಅಂತ ಸ್ಟಿಮಾಚ್ ಕೂಡ ಮಾರ್ಚ್‌ನಲ್ಲಿ ಹೇಳಿದ್ದರು. ತಾವಾಗಿ ಹೋಗಲಿಲ್ಲ. ಕಳಿಸಿದ್ದಕ್ಕೆ ಪರಿಹಾರ ಕೇಳಿದರು. ಫೆಡರೇಷನ್ ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು ಅಂತ ವರದಿಯಾಯ್ತು. ನಮ್ಮ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಹೆಚ್ಚು. ಎಂಟು ತಿಂಗಳ ಹಿಂದಷ್ಟೇ ವಿಸ್ತರಿಸಿದ ಒಪ್ಪಂದದ ಬೆಲೆ ಅದು.

ಸರಿ, ಈಗ ವಿಷಯಕ್ಕೆ ಬರ್ತೀನಿ. ತಂಡ ಸೋಲ್ತಿದೆ, ಕೋಚ್ ತೆಗೀತಾರೆ, ಹೊಸಬರು ಬರ್ತಾರೆ, ಎರಡು ಪಂದ್ಯ ಗೆಲ್ತಾರೆ. ನಾವು 'ನೋಡಿದ್ರಾ!' ಅಂತೀವಿ. ಆದ್ರೆ ಶೀತದ ಜೋಕ್ ಗೊತ್ತಲ್ವಾ? ಔಷಧಿ ತಗೊಂಡ್ರೆ ಏಳು ದಿನದಲ್ಲಿ ವಾಸಿ, ತಗೊಳ್ದಿದ್ರೆ ಒಂದು ವಾರ. ಕೋಚನ್ನ ತೆಗೆಯೋದು ಯಾವಾಗ? ತಂಡ ಅತ್ಯಂತ ಕೆಟ್ಟ ಸ್ಥಿತಿಯಲ್ಲಿದ್ದಾಗ. ಆ ಸೋಲುಗಳಲ್ಲಿ ಗಾಯ, ಕಂಬಕ್ಕೆ ಬಡಿದ ಚೆಂಡು, ರೆಫರಿ ತಪ್ಪು ಅಂತ ದುರದೃಷ್ಟವೂ ಒಂದಿಷ್ಟು ಸೇರಿರುತ್ತೆ. ದುರದೃಷ್ಟ ಸದಾ ಹಾಗೇ ಇರಲ್ಲ. ಹಾಗಾಗಿ ಏನೂ ಮಾಡದಿದ್ರೂ ತಂಡ ತನ್ನ ಮಾಮೂಲಿ ಮಟ್ಟಕ್ಕೆ ವಾಪಸ್ ಬರೋ ಸಾಧ್ಯತೆ ಜಾಸ್ತಿ.

ಇದನ್ನ ಪರೀಕ್ಷಿಸಿ ನೋಡಿದವರಿದ್ದಾರೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಅಲ್ಲಿನ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶ ತೆಗೆದುಕೊಂಡರು. ಸೋತು ಕೋಚನ್ನ ತೆಗೆದ ತಂಡಗಳನ್ನ ಒಂದು ಕಡೆ ಇಟ್ಟರು. ಅಷ್ಟೇ ಕೆಟ್ಟದಾಗಿ ಸೋತರೂ ಕೋಚನ್ನ ಉಳಿಸಿಕೊಂಡ ತಂಡಗಳನ್ನ ಇನ್ನೊಂದು ಕಡೆ ಇಟ್ಟರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಚೇತರಿಸಿಕೊಂಡಿದ್ದವು. ಎರಡನೇ ಗುಂಪು ಸುದ್ದಿಯಾಗಲ್ಲ, ಅಷ್ಟೇ. ಕೋಚ್ ಇನ್ನೂ ಅಲ್ಲೇ ಇದ್ದಾರೆ ಅಂತ ಯಾರಾದರೂ ಬ್ರೇಕಿಂಗ್ ನ್ಯೂಸ್ ಹಾಕ್ತಾರಾ?

ಡಚ್ ಲೀಗ್ ದೂರ ಆಯ್ತು ಅಂದ್ರೆ ನಮ್ಮ ಬಿಎಫ್‌ಸಿಯನ್ನೇ ನೋಡಿ. ಕಾರ್ಲೆಸ್ ಕ್ವಾಡ್ರಾಟ್ 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದುಕೊಟ್ಟ ಕೋಚ್. 2021ರ ಜನವರಿಯಲ್ಲಿ ಸತತ ಮೂರು ಸೋಲಾದ ಮೇಲೆ ಅವರನ್ನ ಕಳಿಸಿದರು. ಆ ಸೀಸನ್ ತಂಡ ಏಳನೇ ಸ್ಥಾನದಲ್ಲಿ ಮುಗಿಸಿತು. 2022–23ರಲ್ಲಿ ಸೈಮನ್ ಗ್ರೇಸನ್ ಕೋಚ್. ಡಿಸೆಂಬರ್ ಹೊತ್ತಿಗೆ ತಂಡ ಕೆಳಗೆ ಬಿದ್ದಿತ್ತು, ನಾವೆಲ್ಲ ಕತ್ತಿ ಮಸೀತಿದ್ದೆವು. ಆದ್ರೆ ಕ್ಲಬ್ ಅವರನ್ನ ಉಳಿಸಿಕೊಂಡಿತು. ಆಮೇಲೆ ಲೀಗ್‌ನ ಕೊನೆಯ ಎಂಟೂ ಪಂದ್ಯ ಗೆದ್ದು ತಂಡ ಫೈನಲ್‌ಗೆ ಹೋಯ್ತು, ಅಲ್ಲಿ ಪೆನಾಲ್ಟಿಯಲ್ಲಿ ಸೋತಿತು. ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ಅದೇ ಕಷ್ಟ ಬಂದಾಗ ಗ್ರೇಸನ್‌ರನ್ನ ತೆಗೆದರು. ಹೊಸದಾಗಿ ಬಂದ ಜೆರಾರ್ಡ್ ಜರಗೋಝಾ ಕೈಯಲ್ಲಿ ತಂಡ ಹತ್ತನೇ ಸ್ಥಾನಕ್ಕೆ ಇಳೀತು. ಅವರನ್ನ ತೆಗೀಲಿಲ್ಲ, ಮರುವರ್ಷ ಫೈನಲ್ ಆಡಿದೆವು.

ನಾಲ್ಕು ಉದಾಹರಣೆ ಇಟ್ಕೊಂಡು ಸಿದ್ಧಾಂತ ಕಟ್ಟೋಕಾಗಲ್ಲ, ಒಪ್ತೀನಿ. ಗ್ರೇಸನ್‌ರನ್ನ ತೆಗೆದದ್ದರಿಂದಲೇ ಮುಂದಿನ ವರ್ಷ ಫೈನಲ್ ಸಿಕ್ತು ಅಂತ ನೀವು ವಾದ ಮಾಡಬಹುದು. ಮಾಡಿ. ಆದ್ರೆ ಆ ಫಲ ಬಂದದ್ದು ಜರಗೋಝಾಗೆ ಸೀಸನ್‌ಗೂ ಮೊದಲೇ ತಯಾರಿ ಮಾಡೋಕೆ, ತಂಡ ಕಟ್ಟೋಕೆ ಸಮಯ ಸಿಕ್ಕ ಮೇಲೆ. ಪ್ರೀಮಿಯರ್ ಲೀಗ್ ನೋಡೋರಿಗೂ ಇದು ಗೊತ್ತು. 22 ವರ್ಷ ಇದ್ದ ಆರ್ಸೆನ್ ವೆಂಗರ್ 2018ರಲ್ಲಿ ಹೋದ ಮೇಲೆ ಆರ್ಸೆನಲ್ ಐದನೇ ಸ್ಥಾನ, ಎಂಟನೇ ಸ್ಥಾನ, ಮತ್ತೆ ಎಂಟನೇ ಸ್ಥಾನ. ಮಿಕೆಲ್ ಆರ್ಟೆಟಾರನ್ನ ಆಗಲೇ ಕಳಿಸಿದ್ದಿದ್ರೆ ಆಮೇಲಿನ ಎರಡನೇ ಸ್ಥಾನಗಳನ್ನ ಅವರು ನೋಡ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಕೋಚ್ ಲೆಕ್ಕಕ್ಕಿಲ್ಲ ಅಂತಲ್ಲ. ಸ್ಟಿಮಾಚ್‌ರನ್ನ ತೆಗೆದದ್ದು ತಪ್ಪು ಅಂತ ನಾನು ಈಗಲೂ ಹೇಳಲ್ಲ. ಐದು ವರ್ಷ ಆಗಿತ್ತು. ಗೋಲು ಹೊಡೆಯೋಕೆ ಚೆಟ್ರಿ ಬಿಟ್ಟು ಇನ್ನೊಬ್ಬರನ್ನ ತಯಾರು ಮಾಡಿರಲಿಲ್ಲ. ಅವರ ಸ್ವಭಾವವೂ ಹಾಗೇ. ಕಂಠೀರವದ ಆ ಸ್ಯಾಫ್ ಟೂರ್ನಿಯಲ್ಲೇ ಎರಡು ಸಲ ರೆಡ್ ಕಾರ್ಡ್ ತಗೊಂಡು ಎರಡು ಪಂದ್ಯ ನಿಷೇಧಕ್ಕೆ ಒಳಗಾಗಿದ್ದರು. ನಾನು ಕುಣಿದಾಡಿದ ಆ ಫೈನಲ್ ರಾತ್ರಿ ಭಾರತದ ಬೆಂಚಿನಲ್ಲಿ ಸ್ಟಿಮಾಚ್ ಇರಲೇ ಇಲ್ಲ, ಸಹಾಯಕ ಕೋಚ್ ಮಹೇಶ್ ಗಾವಳಿ ಇದ್ದರು. ಗೆದ್ದಾಗ ಎಲ್ಲ ಹೊಗಳಿಕೆ ಒಬ್ಬರಿಗೇ ಕೊಟ್ಟೆವು, ಸೋತಾಗ ಎಲ್ಲ ಬೈಗುಳವೂ ಅದೇ ಒಬ್ಬರಿಗೇ ಹೋಯ್ತು. ಎರಡೂ ಸಲ ಲೆಕ್ಕ ತಪ್ಪಿದೆವು ಅಂತ ಈಗ ಅನಿಸುತ್ತೆ.

ನನ್ನ ತಕರಾರು ಬೇರೆ. ಹೊಸಬರ ಕೈಗೆ ಹಳಬರಿಗೆ ಇಲ್ಲದ್ದು ಏನು ಸಿಗುತ್ತೆ ಅಂತ ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕ್ಲಬ್ ಕೋಚ್ ಆದ್ರೆ ಜನವರಿಯಲ್ಲಿ ಒಬ್ಬ ಸ್ಟ್ರೈಕರ್‌ನ ಖರೀದಿ ಮಾಡಿಸಬಹುದು, ದಿನಾ ಬೆಳಗ್ಗೆ ತರಬೇತಿ ಕೊಡಬಹುದು. ದೇಶದ ತಂಡದ ಕೋಚ್‌ಗೆ ಎರಡೂ ಇಲ್ಲ. ಕ್ಲಬ್‌ಗಳು ಬೆಳೆಸಿದವರನ್ನೇ ಆಡಿಸಬೇಕು, ಅದೂ ಕ್ಲಬ್‌ಗಳು ಬಿಟ್ಟುಕೊಟ್ಟಷ್ಟು ದಿನ. ಕ್ಯಾಂಪ್‌ಗೆ ಹೆಚ್ಚು ದಿನ ಕೊಡಿ ಅಂತ ಸ್ಟಿಮಾಚ್ ಪದೇ ಪದೇ ಜಗಳ ಆಡಿದ್ದು ಇದಕ್ಕೇ. ಇನ್ನು ಗೋಲಿನ ವಿಷಯ. ಐಎಸ್‌ಎಲ್‌ನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ಕು ವಿದೇಶಿಯರನ್ನ ಮೈದಾನಕ್ಕೆ ಇಳಿಸಬಹುದು. ಅದರಲ್ಲಿ ಒಬ್ಬರು ಬಹುತೇಕ ಸ್ಟ್ರೈಕರ್ ಆಗಿರ್ತಾರೆ. ಗೆಲ್ಲಬೇಕಾದ ಕ್ಲಬ್ ಹಾಗೇ ಮಾಡುತ್ತೆ, ಅದರಲ್ಲಿ ತಪ್ಪೇನಿಲ್ಲ. ಮಿಕು ಬಿಎಫ್‌ಸಿಯಲ್ಲಿದ್ದಾಗ ಚೆಟ್ರಿಯಂಥ ಚೆಟ್ರಿಯೇ ಎಡಬದಿಯಲ್ಲಿ ಆಡ್ತಿದ್ದರು. ಹೀಗಿರುವಾಗ 22 ವರ್ಷದ ಭಾರತೀಯ ಹುಡುಗನೊಬ್ಬ ವಾರ ವಾರ 90 ನಿಮಿಷ ನಂಬರ್ 9 ಜಾಗದಲ್ಲಿ ಆಡಿ ಕಲಿಯೋದು ಎಲ್ಲಿ?

ಇನ್ನು ಬದಲಾವಣೆ ಏನು ಕೊಟ್ಟಿತು ನೋಡಿ. 2024ರ ಜುಲೈನಲ್ಲಿ ಸ್ಪೇನ್‌ನ ಮನೊಲೊ ಮಾರ್ಕ್ವೆಜ್ ಬಂದರು. ಬುದ್ಧಿವಂತ ಕೋಚ್, ಹೈದರಾಬಾದ್‌ಗೆ ಐಎಸ್‌ಎಲ್ ಕಪ್ ಗೆಲ್ಲಿಸಿದವರು. ಆದ್ರೆ ಮೊದಲ ಸೀಸನ್ ಎಫ್‌ಸಿ ಗೋವಾ ಕೆಲಸವನ್ನೂ ಜೊತೆಗೇ ಮಾಡಿದರು. ಎಂಟು ಪಂದ್ಯಗಳಲ್ಲಿ ಒಂದೇ ಗೆಲುವು, ಅದೂ ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ. ಆ ಪಂದ್ಯಕ್ಕೆ ಅವರು ಯಾರನ್ನ ಕರೆದ್ರು ಗೊತ್ತಲ್ವಾ? ನಿವೃತ್ತಿಯಾಗಿದ್ದ, 40 ವರ್ಷದ ಸುನಿಲ್ ಚೆಟ್ರಿಯನ್ನ! ಚೆಟ್ರಿ ಬಂದು ಗೋಲೂ ಹೊಡೆದರು. ನಾನು ಚಪ್ಪಾಳೆ ತಟ್ಟಿದೆ, ಆಮೇಲೆ ಸುಮ್ಮನೆ ಕೂತೆ. ಕೋಚ್ ಬದಲಾಗಿದ್ದರು, ಗೋಲು ಹೊಡೆಯೋರು ಅವರೇ. ಆ ಸೀಸನ್ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಗಳಿಸಿದವರೂ ಅವರೇ.

2025ರ ಜೂನ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಹಾಂಗ್‌ಕಾಂಗ್ ವಿರುದ್ಧ 0–1. ಮಾರ್ಕ್ವೆಜ್ ಹೋದರು. ಜುಲೈನಲ್ಲಿ ರ‍್ಯಾಂಕ್ 133. ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಹೊಸ ಕೋಚ್ ಬಂದಾಗಿನ ಆ ಹುರುಪು ಇಲ್ಲೂ ಕಂಡಿತು. ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ. ಅಕ್ಟೋಬರ್ 14ರಂದು ಗೋವಾದ ಫತೋರ್ಡದಲ್ಲಿ ಸಿಂಗಪುರ ವಿರುದ್ಧ 1–0 ಮುಂದಿದ್ದು 1–2ರಲ್ಲಿ ಸೋತೆವು. 2027ರ ಏಷ್ಯಾ ಕಪ್ ಆಸೆ ಅಲ್ಲಿಗೆ ಮುಗೀತು. ಜಮೀಲ್ ಕೈಲಿದ್ದ ಆಟಗಾರರ ಕಥೆ ಕೇಳಿ: ವಾಣಿಜ್ಯ ಹಕ್ಕುಗಳ ಒಪ್ಪಂದ ಬಗೆಹರಿಯದೆ ಐಎಸ್‌ಎಲ್ ಆ ಹೊತ್ತಿಗೆ ಶುರುವೇ ಆಗಿರಲಿಲ್ಲ. ಲೀಗ್ ಪಂದ್ಯವೇ ಆಡದ ಹುಡುಗರನ್ನ ಕರ್ಕೊಂಡು ಅರ್ಹತಾ ಸುತ್ತು ಆಡಬೇಕಾಯ್ತು.

ಹದಿನಾರು ತಿಂಗಳಲ್ಲಿ ಮೂರು ಕೋಚ್. ಕ್ರೊವೇಷ್ಯಾ, ಸ್ಪೇನ್, ಭಾರತ. ಒಬ್ಬರು ಜಗಳಗಂಟ, ಒಬ್ಬರು ಶಾಂತ, ಒಬ್ಬರು ಮಾತೇ ಆಡದವರು. ಆಟದ ಶೈಲಿಯೂ ಮೂರು ಥರ. ಆದ್ರೆ 1–0 ಮುಂದಿದ್ದು ಗುವಾಹಟಿ ಸೋತಿದ್ದೂ ಫತೋರ್ಡ ಸೋತಿದ್ದೂ ಒಂದೇ ಥರ.

ಸಿಂಗಪುರ ಪಂದ್ಯ ಮುಗಿದ ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ಗೆಳೆಯ 'ಜಮೀಲ್ ಔಟ್' ಅಂತ ಹಾಕಿದ. ಬಂದು ಮೂರು ತಿಂಗಳೂ ಆಗಿರಲಿಲ್ಲ ಪಾಪ. ನಾನು ಕೇಳಿದೆ: "ಸರಿ ಗುರೂ, ಔಟ್. ಯಾರನ್ನಾದ್ರೂ ತಾ, ಪೆಪ್ ಗ್ವಾರ್ಡಿಯೊಲಾನೇ ಬರಲಿ. ಅವರ ಕೈಗೆ ನಂಬರ್ 9 ಅಂತ ಯಾರನ್ನ ಕೊಡ್ತೀಯಾ? ಒಂದು ಹೆಸರು ಹೇಳು."

ಸ್ವಲ್ಪ ಹೊತ್ತು 'ಟೈಪಿಂಗ್' ಅಂತ ತೋರಿಸ್ತು, ನಿಂತೋಯ್ತು. ಮತ್ತೆ ತೋರಿಸ್ತು. ಕೊನೆಗೆ ಅವನು ಕಳಿಸಿದ್ದು ಚೆಟ್ರಿಯ ಸ್ಟಿಕ್ಕರ್.

ನಿಮ್ಮ ಹತ್ರ ಬೇರೆ ಹೆಸರಿದ್ರೆ ನಮಗೆ ಕಳಿಸಿ. ಐಎಸ್‌ಎಲ್ ಆಗಬೇಕು ಅಂತಿಲ್ಲ, ಸಂತೋಷ್ ಟ್ರೋಫಿ ಆಡಿದವರಾಗಲಿ, ನಮ್ಮೂರ ಸೂಪರ್ ಡಿವಿಷನ್‌ನಲ್ಲಿ ನೀವು ಕಣ್ಣಾರೆ ನೋಡಿದವರಾಗಲಿ. ಆ ಹೆಸರುಗಳನ್ನೇ ಇಟ್ಕೊಂಡು ಮುಂದಿನ ವಾರ ಮಾತಾಡೋಣ.