ಇಸ್ಪೀಟಿನಲ್ಲಿ ಆಕಸ್ಮಿಕ ಜಯ

ಯುಗಾದಿಯು ಬಂತೆಂದರೆ ದೇವನಹಳ್ಳಿ, ಹೊಸಕೋಟೆಯ ಸೀಮೆಯಲ್ಲಿ ಬೇವುಬೆಲ್ಲದ ಹಿಂದೆಯೇ ಇಸ್ಪೀಟಿನ ಕಟ್ಟೂ ಹೊರಬೀಳುವುದೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಾರನೆಯ ದಿನದ ವರ್ಷತೊಡಕಿನಂದು ಬೂದಿಗೆರೆಯ ಸುತ್ತಿನಂತಹ ಹಳ್ಳಿಗಳಲ್ಲಿ ತೋಪಿನ ನೆರಳಿಗೆ ಗುಂಪು ಕೂಡುವುದೂ ಉಂಟು. ಹಬ್ಬದ ಶಾಸ್ತ್ರಕ್ಕೆಂದು ಕುಳಿತವರು ಯಾವಾಗ ಏಳುವರೆಂಬುದು ಮನೆಯಲ್ಲಿ ಊಟಕ್ಕೆ ಕಾದಿರುವವರಿಗೆ ಮಾತ್ರ ತಿಳಿಯದು.

ಗೆದ್ದು ಬಂದವನು ಒಂದೋ ತನ್ನ ಅದೃಷ್ಟವೆನ್ನುವನು, ಇಲ್ಲವೇ ತನ್ನ ಜಾಣತನವೆನ್ನುವನು. ಇವೆರಡೂ ಅಲ್ಲದ ಮೂರನೆಯ ಕಾರಣವೊಂದಿದೆ, ಅದು ತಪ್ಪು. ಅಂದರ್ ಬಾಹರ್ ಆಟದಲ್ಲಿ ಇದಕ್ಕೆ ಎಡೆಯಿಲ್ಲ. ಒಂದು ಎಲೆಯನ್ನು ತೆರೆದಿಟ್ಟು, ಉಳಿದ 51ನ್ನು ಒಳಗೆ ಹೊರಗೆ ಎಂದು ಹಾಕುತ್ತ ಹೋಗುವಾಗ, ಅದರ ಜೋಡಿಯು ಬಿದ್ದ ಕಡೆಯವರಿಗೆ ಗೆಲವು. ಮೊದಲ ಎಲೆ ಬೀಳುವ ಕಡೆಗೆ ನೂರಕ್ಕೆ 51.5ರಷ್ಟು ಅವಕಾಶವಿರುವುದೆಂಬುದನ್ನು ಬಿಟ್ಟರೆ ಅಲ್ಲಿ ಬುದ್ಧಿಗೆ ಕೆಲಸವೇ ಇಲ್ಲ.

ಪಾಶ್ಚಾತ್ಯರ ಪೋಕರಿನ ಬಂಧುವೆನ್ನಬಹುದಾದ ಮೂರೆಲೆಯ ಆಟವು ಹಾಗಲ್ಲ. ಐವತ್ತೆರಡು ಎಲೆಗಳಲ್ಲಿ ಮೂರನ್ನು ಪಡೆಯುವ ಬಗೆಗಳು 22,100. ಇವುಗಳಲ್ಲಿ ಮೂರು ರಾಜ, ಮೂರು ಎಕ್ಕಗಳಂತೆ ಒಂದೇ ಬೆಲೆಯ ಎಲೆಗಳು ಕೂಡುವುದು 52 ಬಗೆ. ಎಂದರೆ ಸರಾಸರಿ 425 ಸಲಕ್ಕೊಮ್ಮೆ. ಜೋಡಿಯಾಗಲಿ ಸಾಲಾಗಲಿ ಬಣ್ಣವಾಗಲಿ ಇಲ್ಲದ ಬರಿಗೈ 16,440. ಸುಮಾರು ಮುಕ್ಕಾಲು ಪಾಲು!

ಈಗ ಮುಚ್ಚಂಜೆಯ ಬೆಳಕಿನಲ್ಲಿ ಒಬ್ಬನಿಗೆ ಆಟೀನಿನ ರಾಜ, ಆಟೀನಿನ ಒಂಬತ್ತು, ಡೈಮಂಡಿನ ನಾಲ್ಕು ಬಂದುವೆಂದು ಇಟ್ಟುಕೊಳ್ಳೋಣ. ಎರಡೂ ಕೆಂಪಾದುದರಿಂದ ಅವನು ಮೂರನ್ನೂ ಆಟೀನೆಂದು ಬಗೆದು, ಬಣ್ಣ ಕೂಡಿತೆಂಬ ಭರವಸೆಯಿಂದ ಪಣವನ್ನು ಏರಿಸುತ್ತ ಹೋಗುವನು. ಎದುರಿನವನ ಕೈಯಲ್ಲಿ ಹತ್ತರ ಜೋಡಿ; ತೋರಿಸಿದ್ದರೆ ಅವನದೇ ಗೆಲವು. ಆದರೆ ಇವನ ಮುಖದಲ್ಲಿ ಅಳುಕು ಕಾಣದೆ ಅವನು ಎಲೆಗಳನ್ನು ಕೆಳಗಿಡುವನು. ಹಣವೆಲ್ಲವೂ ಬರಿಗೈಯವನ ಪಾಲಾಯಿತು. ಸುಳ್ಳಾಡಲು ಹೊರಟವನ ಕಣ್ಣಾದರೂ ಕದಲೀತು. ಇವನಾದರೋ ತನಗೆ ನಿಜವೆಂದು ತೋರಿದುದನ್ನೇ ಆಡಿದನು!

ಇದಕ್ಕೆ ವಿಪರೀತವೂ ಉಂಟು. ಅದೇ ಮನುಷ್ಯನಿಗೆ ಮೂರು ಎಕ್ಕಗಳೇ ಬಂದರೂ, ಆ ಸಲ ಉಳಿದವರೆಲ್ಲರಿಗೂ ಬರಿಗೈಯಾಗಿದ್ದರೆ ಅವರು ಮೊದಲ ಸುತ್ತಿಗೇ ಕೈಬಿಡುವರು. ಅವನಿಗೆ ದಕ್ಕುವುದು ಅಲ್ಪಸ್ವಲ್ಪ ಚಿಲ್ಲರೆ. ಎಲೆಯ ಅದೃಷ್ಟವೇ ಬೇರೆ, ಹಣದ ಅದೃಷ್ಟವೇ ಬೇರೆ.

ಎಲ್ಲರೂ ಕೈಬಿಟ್ಟಮೇಲೆ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕಾದುದಿಲ್ಲ. ಅವು ಕಟ್ಟಿನೊಳಗೆ ಸೇರಿಹೋಗುವುವು. ಆದಕಾರಣ ನಮ್ಮವನಿಗೆ ತನ್ನ ತಪ್ಪು ಎಂದಿಗೂ ತಿಳಿಯಲಾರದು. ಕೈಗುಣವು ಹತ್ತಿತೆಂದು ನಂಬಿ, ಮುಂಗಾರಿನ ಬಿತ್ತನೆಗೆಂದು ಪೆಟ್ಟಿಗೆಯಲ್ಲಿಟ್ಟ ಹಣಕ್ಕೂ ಕೈಹಾಕುವನು. ಸೋಲಿನಿಂದ ಕೆಟ್ಟ ಮನೆಗಳ ಕಥೆ ಎಲ್ಲರಿಗೂ ಗೊತ್ತು. ಮೊದಲ ದಿನ ಗೆದ್ದುದರಿಂದ ಕೆಟ್ಟ ಮನೆಗಳನ್ನು ಯಾರೂ ಲೆಕ್ಕವಿಟ್ಟಂತಿಲ್ಲ.

ನ್ಯಾಯಸ್ಥಾನಗಳೂ ಈ ವಿಚಾರದಲ್ಲಿ ತಲೆಕೆಡಿಸಿಕೊಂಡಿವೆ. 1968ರ ತೀರ್ಪುಗಳ ವರದಿಯಲ್ಲಿ ಪ್ರಕಟವಾಗಿರುವ ಸತ್ಯನಾರಾಯಣರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾದುದರಿಂದ ಅದು ಮುಖ್ಯವಾಗಿ ಕೌಶಲದ ಆಟವೆಂದೂ, ಮೂರೆಲೆಯಂತೆ ಕೇವಲ ಅದೃಷ್ಟದ್ದಲ್ಲವೆಂದೂ ಹೇಳಿತು. 2025ರ ಕೇಂದ್ರ ಶಾಸನವಾದರೋ, ಮೊಬೈಲಿನಲ್ಲಿ ಹಣವಿಟ್ಟು ಆಡುವ ಆಟಗಳಿಗೆ ಈ ಭೇದವನ್ನೇ ಎಣಿಸದೆ ಎರಡನ್ನೂ ನಿಷೇಧಿಸಿತು. ತೋಪಿನಲ್ಲಿ ಆಡುವ ಮೂರೆಲೆಯಲ್ಲಿ ಕೌಶಲವು ಏನೂ ಇಲ್ಲವೆಂದು ನಾವು ಹೇಳಲಾರೆವು. ಎದುರಿನವನ ಮುಖವನ್ನು ಓದುವುದೂ ಒಂದು ವಿದ್ಯೆಯೇ. ಆದರೆ ಹತ್ತರ ಜೋಡಿ ಹಿಡಿದಿದ್ದವನು ಆ ಮುಖವನ್ನು ಸರಿಯಾಗಿಯೇ ಓದಿದ್ದನು, ಮತ್ತು ಸೋತನು.