ಬೀಡು ಕಬ್ಬಿಣದ ಗರಗಸದ ಮೇಜಿಗೆ ಹೆಚ್ಚುವರಿ ಮೇಜು ಜೋಡಿಸುವ ವಿಧಾನ

ರೈತರ ಮನೆಗೆ ಮರಗೆಲಸ ಎಂದೂ ತಪ್ಪಿದ್ದಲ್ಲ. ಭಟ್ಕಳ ತಾಲ್ಲೂಕಿನ ಕಾಯ್ಕಿಣಿ, ಮುರ್ಡೇಶ್ವರ, ಶಿರಾಲಿ ಸುತ್ತಿನಲ್ಲಿಯೂ ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿ ಗ್ರಾಮಗಳಲ್ಲಿಯೂ ಜೇನುಪೆಟ್ಟಿಗೆ, ಕೊಟ್ಟಿಗೆಯ ಬಾಗಿಲು, ಕಿಟಕಿಯ ಚೌಕಟ್ಟು, ಕಾಳಿನ ಪೆಟ್ಟಿಗೆ ಮೊದಲಾದವನ್ನು ಊರಿನಲ್ಲಿಯೇ ಮಾಡಿಸಿಕೊಳ್ಳುವುದು ರೂಢಿ. ಹಿಂದೆ ಈ ಕೆಲಸವೆಲ್ಲ ಕೈಗರಗಸದಿಂದ ನಡೆಯುತ್ತಿತ್ತು. ಈಗ ವಿದ್ಯುತ್ತಿನಿಂದ ತಿರುಗುವ ಚಕ್ರಗರಗಸ ಹಳ್ಳಿಯ ಬಡಗಿಗಳ ಹಾಗೂ ಕೆಲವು ರೈತರ ಮಾಡಿನ ಕೆಳಗೂ ಬಂದಿದೆ. ಇವುಗಳಲ್ಲಿ ಬೀಡು ಕಬ್ಬಿಣದ ಮೇಜು ಇರುವ ಯಂತ್ರ ಭಾರವಾಗಿರುತ್ತದೆ, ಅಲುಗುವುದಿಲ್ಲ, ಬಹುಕಾಲ ಬಾಳುತ್ತದೆ. ಆದರೆ ಅದಕ್ಕೊಂದು ಕೊರತೆಯುಂಟು. ಮೇಜು ಚಿಕ್ಕದು, ಕೊಯ್ಯಬೇಕಾದ ಹಲಗೆ ದೊಡ್ಡದು.

ಈ ಕೊರತೆಯನ್ನು ನೀಗಲು ಮೇಜಿನ ಪಕ್ಕದಲ್ಲಿಯೂ ಹಿಂಬದಿಯಲ್ಲಿಯೂ ಹೆಚ್ಚುವರಿ ಮೇಜನ್ನು ಜೋಡಿಸಬಹುದು. ಅದನ್ನು ಊರಿನ ಬಡಗಿಯೇ ಎರಡು ದಿನಗಳಲ್ಲಿ ಮಾಡಿಕೊಡಬಲ್ಲ. ಹೇಗೆ ಮಾಡಬೇಕು, ಎಲ್ಲಿ ತಪ್ಪುವ ಸಂಭವವಿದೆ ಎಂಬುದನ್ನು ಇಲ್ಲಿ ವಿವರಿಸಿದೆ.

ಹೆಚ್ಚುವರಿ ಮೇಜು ಏಕೆ ಬೇಕು?

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆ ಸುಮಾರು 30 ಕಿಲೋ ತೂಗುತ್ತದೆ. ಅಲಗಿನಿಂದ ಮೇಜಿನ ಹಿಂದಿನ ಅಂಚಿಗೆ ಸಾಮಾನ್ಯವಾಗಿ ಒಂದು ಅಡಿಗಿಂತ ಹೆಚ್ಚು ಜಾಗವಿರುವುದಿಲ್ಲ. ಆರು ಅಡಿಯ ಹಲಗೆಯನ್ನು ಕೊಯ್ದು ಮುಗಿಸುವ ಹೊತ್ತಿಗೆ ಅದರ ಐದು ಅಡಿಯಷ್ಟು ಭಾಗ ಗಾಳಿಯಲ್ಲಿ ತೂಗುತ್ತಿರುತ್ತದೆ. ಹಲಗೆಯ ತುದಿ ಕೆಳಕ್ಕೆ ಬಾಗಿ, ಬುಡ ಮೇಲಕ್ಕೆ ಏಳುತ್ತದೆ.

ಇದನ್ನು ತಡೆಯಲು ಮನೆಯವರಲ್ಲೊಬ್ಬರನ್ನು ಹಿಂದೆ ನಿಲ್ಲಿಸಿ ಹಲಗೆಯನ್ನು ಹಿಡಿಸುವ ಪದ್ಧತಿ ಇದೆ. ಅಪಾಯವಿರುವುದು ಇಲ್ಲಿಯೇ. ಹಿಂದೆ ನಿಂತವರಿಗೆ ಅಲಗು ಕಾಣುವುದಿಲ್ಲ. ಭಾರ ಹೊರುವುದರ ಬದಲು ಅವರು ಹಲಗೆಯನ್ನು ತಮ್ಮ ಕಡೆಗೆ ಎಳೆಯುತ್ತಾರೆ, ಇಲ್ಲವೇ ಒಂದು ಬದಿಗೆ ತಿರುಗಿಸುತ್ತಾರೆ. ಆಗ ಹಲಗೆ ಅಲಗಿನ ಹಿಂಬದಿಯ ಹಲ್ಲುಗಳಿಗೆ ಸಿಕ್ಕಿ, ಯಂತ್ರ ನಡೆಸುವವನ ಮೇಲೆ ಸಿಡಿಯುತ್ತದೆ. ಹತ್ತು ಅಂಗುಲ ವ್ಯಾಸದ ಅಲಗು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಸೆಕೆಂಡಿಗೆ 40 ಮೀಟರು, ಅಂದರೆ ಗಂಟೆಗೆ 140 ಕಿಲೋಮೀಟರಿಗೂ ಮಿಗಿಲು. ಸಿಡಿದ ಹಲಗೆ ಹೊಟ್ಟೆಗೆ ಬಡಿಯಬಹುದು. ಅದನ್ನು ತಡೆಯಹೋದ ಕೈ ಅಲಗಿನ ಮೇಲೆ ಬೀಳಬಹುದು. ದುಡಿಯುವ ಕೈಯ ಬೆರಳು ಹೋದರೆ ಮತ್ತೆ ಬರುವುದಿಲ್ಲ.

ಕೆಲಸದ ಅಚ್ಚುಕಟ್ಟಿಗೂ ಈ ಮೇಜು ಅಗತ್ಯ. ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಚೌಕಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸುಮಾರು 7ರಿಂದ 8 ಮಿ.ಮೀ. ಸಂದಿ ಇರಬೇಕು. ಅದು ಹೆಚ್ಚಾದರೆ ಹುಳುಗಳು ಅಲ್ಲಿ ಅಡ್ಡಎರಿ ಕಟ್ಟುತ್ತವೆ. ಕಡಿಮೆಯಾದರೆ ಅವುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ. ಕೊಯ್ಯುವಾಗ ಹಲಗೆ ವಾಲಿ 3 ಮಿ.ಮೀ. ವ್ಯತ್ಯಾಸವಾದರೂ ಪೆಟ್ಟಿಗೆ ಕೆಟ್ಟಂತೆಯೇ.

ಕರಾವಳಿಯ ಹವೆ ಮತ್ತು ಮರದ ಗುಣ

ಬೀಡು ಕಬ್ಬಿಣ ತೇವಕ್ಕೆ ಹಿಗ್ಗುವುದಿಲ್ಲ. ಬಿಸಿಲಿಗೆ 15 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೂ 600 ಮಿ.ಮೀ. ಅಗಲದ ಮೇಜು ಹಿಗ್ಗುವುದು 0.1 ಮಿ.ಮೀ. ಮಾತ್ರ. ಮರದ ಸ್ವಭಾವ ಹಾಗಲ್ಲ. ಕಾಯ್ಕಿಣಿಯಂತಹ ಕಡಲಂಚಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುತ್ತದೆ. ಬೇಸಿಗೆಯಲ್ಲಿ ನೂರಕ್ಕೆ 12ರಷ್ಟು ತೇವಾಂಶವಿದ್ದ ಹಲಗೆ ಮಳೆಗಾಲದಲ್ಲಿ 18ಕ್ಕೆ ಏರಿದರೆ, 600 ಮಿ.ಮೀ. ಅಗಲದ ಸಾಗವಾನಿ ಹಲಗೆಯೂ 4ರಿಂದ 6 ಮಿ.ಮೀ. ಹಿಗ್ಗುತ್ತದೆ. ಹಲಗೆ ಹಿಗ್ಗುವುದು ಅಗಲಕ್ಕೆ. ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬಹುದು.

ಆದ್ದರಿಂದ ಅಗಲವಾದ ಅಖಂಡ ಹಲಗೆಯನ್ನು ಬೀಡು ಕಬ್ಬಿಣಕ್ಕೆ ನೇರವಾಗಿ ಬಿಗಿದರೆ ಅದು ಮಳೆಗಾಲದಲ್ಲಿ ಉಬ್ಬಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಮೇಲ್ಹಲಗೆಗೆ ಪ್ಲೈವುಡ್ಡೇ ಲೇಸು. ಐ.ಎಸ್. 710 ಗುರುತಿನ ಪ್ಲೈವುಡ್ ನೀರಿಗೆ ಚೆನ್ನಾಗಿ ತಾಳುತ್ತದೆ. ಅದಕ್ಕೆ ಮೈಕಾ ಹಾಳೆ ಅಂಟಿಸುವುದಾದರೆ ಎರಡೂ ಮುಖಗಳಿಗೆ ಅಂಟಿಸಬೇಕು. ಒಂದೇ ಮುಖಕ್ಕೆ ಅಂಟಿಸಿದರೆ ಇನ್ನೊಂದು ಮುಖ ಮಾತ್ರ ತೇವ ಹೀರಿ ಹಲಗೆ ಬಾಗುತ್ತದೆ.

ಬೇಕಾಗುವ ಸಾಮಗ್ರಿಗಳು

1. 19 ಮಿ.ಮೀ. ದಪ್ಪದ ಪ್ಲೈವುಡ್: ಅಗಲ 600 ಮಿ.ಮೀ.; ಉದ್ದ, ನಿಮ್ಮ ಯಂತ್ರದ ಮೇಜಿನ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ.
2. ಜೋಡುಪಟ್ಟಿ: ಚೆನ್ನಾಗಿ ಒಣಗಿದ ಮತ್ತಿ ಅಥವಾ ಸಾಗವಾನಿ, 100 ಮಿ.ಮೀ. ಎತ್ತರ, 40 ಮಿ.ಮೀ. ದಪ್ಪ, ಮೇಲಿನಷ್ಟೇ ಉದ್ದ.
3. ಮೇಲ್ಹಲಗೆಯ ಅಡಿಯ ಚೌಕಟ್ಟಿಗೆ 50 ಮಿ.ಮೀ. ಎತ್ತರ, 25 ಮಿ.ಮೀ. ದಪ್ಪದ ರೀಪುಗಳು.
4. ಆಸರೆಪಟ್ಟಿಗೆ 25 ಮಿ.ಮೀ. ಚೌಕದ ಒಂದು ರೀಪು.
5. ಎರಡು ಕಾಲುಗಳು ಹಾಗೂ ಅವುಗಳ ಬುಡಕ್ಕೆ ಏರಿಳಿಸಲು ಬರುವ ಎರಡು ಬೋಲ್ಟುಗಳು.
6. 8 ಮಿ.ಮೀ. ಬೋಲ್ಟು, ನಟ್ಟು, ಅಗಲವಾದ ವಾಷರುಗಳು: ಮೂರು ಅಥವಾ ನಾಲ್ಕು ಜೊತೆ.
7. ನೇರಪಟ್ಟಿ, ಮೂಲೆಮಟ್ಟ, ರಸಮಟ್ಟ, ಎರಡು ಕ್ಲಾಂಪುಗಳು.

ನೇರಪಟ್ಟಿ ಮೂರು ನಾಲ್ಕು ಅಡಿ ಉದ್ದದ, ಅಂಚು ನೇರವಾಗಿರುವ ಲೋಹದ ಪಟ್ಟಿಯಾಗಿರಬೇಕು. ಅದು ನೇರವಾಗಿದೆಯೇ ಎಂದು ತಿಳಿಯಲು ಹಲಗೆಯ ಮೇಲಿಟ್ಟು ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ ಅದೇ ಅಂಚಿನಿಂದ ಅದೇ ಜಾಗದಲ್ಲಿ ಮತ್ತೊಂದು ಗೆರೆ ಎಳೆಯಿರಿ. ಎರಡು ಗೆರೆಗಳು ಒಂದಾದರೆ ಪಟ್ಟಿ ನೇರವಾಗಿದೆ.

ಜೋಡಿಸುವ ಕ್ರಮ

ಮೊದಲು ವಿದ್ಯುತ್ ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು.

ಯಂತ್ರವನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ ಮೇಜಿನ ಮಟ್ಟ ನೋಡಿ. ಗೈಡು ಪಟ್ಟಿ ಸರಿಯುವ ಹಾದಿ, ಅದನ್ನು ಬಿಗಿಯುವ ಹಿಡಿ, ಮೋಟಾರು, ಅಲಗು ಏರಿಳಿಸುವ ಚಕ್ರ ಇವಾವುದಕ್ಕೂ ಜೋಡುಪಟ್ಟಿ ತಾಗದಂತೆ ಮುಂಚಿತವಾಗಿಯೇ ಅಳತೆ ಮಾಡಿಕೊಳ್ಳಿ.

ಅನೇಕ ಯಂತ್ರಗಳಲ್ಲಿ ಮೇಜಿನ ಪಕ್ಕದ ಅಂಚಿಗೆ ಕಾರ್ಖಾನೆಯವರೇ ತೂತು ಬಿಟ್ಟಿರುತ್ತಾರೆ. ಇದ್ದರೆ ಅವನ್ನೇ ಬಳಸಿ. ಇಲ್ಲದಿದ್ದರೆ, ಕೆಳಕ್ಕಿಳಿದ ಅಂಚಿನ ನಡುವಿಗಿಂತ ತುಸು ಕೆಳಗೆ, ಒಳಗಡೆ ನಟ್ಟು ಕೂರಲು ಜಾಗವಿರುವಲ್ಲಿ, 9 ಮಿ.ಮೀ. ತೂತು ಕೊರೆಯಬೇಕು. ಬೀಡು ಕಬ್ಬಿಣವನ್ನು ಎಣ್ಣೆ ಹಾಕದೆಯೇ ನಿಧಾನವಾಗಿ ಕೊರೆಯಬೇಕು; ಅದು ಪುಡಿಯಾಗಿ ಉದುರುತ್ತದೆ. ಗುರುತು ಹಾಕುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಉಕ್ಕು ಪೆಟ್ಟಿಗೆ ಬಾಗುತ್ತದೆ, ಬೀಡು ಬಿರಿಯುತ್ತದೆ. ಬಿರಿದ ಮೇಜನ್ನು ಮತ್ತೆ ಮಟ್ಟಕ್ಕೆ ತರುವುದು ಕಷ್ಟ.

ಜೋಡುಪಟ್ಟಿಯನ್ನು ಅಂಚಿಗೆ ಹಿಡಿದು ತೂತುಗಳ ಜಾಗ ಗುರುತಿಸಿ. ಪಟ್ಟಿಯಲ್ಲಿ 12 ಮಿ.ಮೀ. ತೂತು ಹಾಕಿ. 8 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ತೂತು ಏಕೆಂದರೆ, ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಮಟ್ಟಕ್ಕೆ ತರಲು ಸಡಿಲ ಬೇಕು. ಪಟ್ಟಿಯ ಹೊರಮುಖದಲ್ಲಿ ಪ್ರತಿ ತೂತಿನ ಸುತ್ತ 30 ಮಿ.ಮೀ. ಅಗಲ, 12 ಮಿ.ಮೀ. ಆಳದ ಗುಳಿ ತೆಗೆದರೆ ಬೋಲ್ಟಿನ ತಲೆಯೂ ವಾಷರೂ ಅದರೊಳಗೆ ಅಡಗುತ್ತವೆ. ಬೀಡಿಗೆ ತಾಗುವ ಮುಖಕ್ಕೆ ಎರಡು ಸಲ ಬಣ್ಣ ಬಳಿದು ಒಣಗಿಸಿ. ಮರದ ಒಗರು ಒದ್ದೆ ಕಬ್ಬಿಣಕ್ಕೆ ತಾಗಿದರೆ ಮರ ಕಪ್ಪಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ.

ಬೋಲ್ಟುಗಳನ್ನು ತೂರಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ ನಿಲ್ಲಿಸಿ. ನೇರಪಟ್ಟಿಯನ್ನು ಬೀಡಿನ ಮೇಜಿನ ಮೇಲಿಟ್ಟು ಜೋಡುಪಟ್ಟಿಯ ಮೇಲಕ್ಕೆ ಚಾಚಿ, ಪಟ್ಟಿಯನ್ನು ಮರದ ಕೊಡತಿಯಿಂದ ತಟ್ಟಿ ಸಮಕ್ಕೆ ತನ್ನಿ. ಕ್ಲಾಂಪು ಹಾಕಿ ಮೊದಲು ನಡುವಿನ ಬೋಲ್ಟು, ಬಳಿಕ ತುದಿಗಳ ಬೋಲ್ಟುಗಳನ್ನು ಬಿಗಿಯಿರಿ. ಪ್ರತಿ ಬೋಲ್ಟು ಬಿಗಿದ ಮೇಲೂ ಮಟ್ಟ ನೋಡಬೇಕು. ಪಟ್ಟಿ ಬೀಡಿಗೆ ಒಂದು ಕಡೆ ತಾಗಿ ಮತ್ತೊಂದು ಕಡೆ ಬಿಟ್ಟಿದ್ದರೆ ಬೋಲ್ಟಿನ ಬಲದಿಂದ ಎಳೆಯಕೂಡದು. ಸಂದಿಯಲ್ಲಿ ತೆಳು ತಗಡು ಇಟ್ಟು ತುಂಬಬೇಕು.

ಈಗ ಚೌಕಟ್ಟು. 50 ಮಿ.ಮೀ. ರೀಪುಗಳಿಂದ ಮೇಲ್ಹಲಗೆಯ ಅಳತೆಗೆ ಚೌಕಟ್ಟು ಮಾಡಿ, ನಡುವೆ 200 ಮಿ.ಮೀ.ಗೆ ಒಂದರಂತೆ ಅಡ್ಡಪಟ್ಟಿ ಕೊಟ್ಟು, ಪ್ಲೈವುಡ್ಡನ್ನು ಕೆಳಗಿನಿಂದ ತಿರುಪು ಹಾಕಿ ಕೂರಿಸಿ. ಮೈಕಾ ಸೇರಿ ಒಟ್ಟು ದಪ್ಪ ಸುಮಾರು 70 ಮಿ.ಮೀ. ಆಗುತ್ತದೆ. ನಿಮ್ಮಲ್ಲಿ ನಿಜವಾಗಿ ಎಷ್ಟಾಯಿತೋ ಅಳೆದು, ಜೋಡುಪಟ್ಟಿಯ ಮೇಲಂಚಿನಿಂದ ಅಷ್ಟೇ ಕೆಳಗೆ ಆಸರೆಪಟ್ಟಿಯನ್ನು ಹೊಡೆಯಿರಿ. ಹೆಚ್ಚುವರಿ ಮೇಜಿನ ಒಳತುದಿ ಈ ಆಸರೆಪಟ್ಟಿಯ ಮೇಲೆ ಕೂರುತ್ತದೆ. ಹೊರತುದಿಯನ್ನು ಎರಡು ಕಾಲುಗಳು ಹೊರುತ್ತವೆ. ಹೀಗೆ ಮಾಡುವುದರಿಂದ ಇಡೀ ಭಾರ ಬೀಡಿನ ಅಂಚಿಗೆ ಜೋತುಬೀಳುವುದಿಲ್ಲ. ಜೋಡುಪಟ್ಟಿಗೂ ಮೇಲ್ಹಲಗೆಗೂ ನಡುವೆ 1 ಮಿ.ಮೀ. ಸಂದಿ ಬಿಡಿ. ಆಸರೆಪಟ್ಟಿಯ ಅಡಿಯಿಂದ ಮೂರು ತಿರುಪು ಹಾಕಿದರೆ ಮೇಜು ಸರಿಯುವುದಿಲ್ಲ. ತಿರುಪು ಬಿಚ್ಚಿದರೆ ಮೇಜನ್ನು ಎತ್ತಿಡಲೂಬಹುದು.

ಕಾಲುಗಳಿಗೆ ಓರೆಯಾಗಿ ಒಂದು ಪಟ್ಟಿ ಕೊಟ್ಟು ಅಲುಗದಂತೆ ಮಾಡಿ. ಮಣ್ಣಿನ ನೆಲವಾದರೆ ಪ್ರತಿ ಕಾಲಿನ ಬುಡಕ್ಕೂ ಚಿರೆಕಲ್ಲು ಹೂತು ಅದರ ಮೇಲೆ ನಿಲ್ಲಿಸಬೇಕು. ಮಳೆಗಾಲದಲ್ಲಿ ನೆಲ ಮೆತ್ತಗಾಗಿ ಕಾಲು ಇಳಿದರೆ ಮೊದಲು ಮಾಡಿದ ಕೆಲಸವೆಲ್ಲ ವ್ಯರ್ಥ. ಕೊನೆಗೆ ಬುಡದ ಬೋಲ್ಟು ತಿರುಗಿಸಿ ಹೊರತುದಿಯನ್ನು ಮಟ್ಟಕ್ಕೆ ತನ್ನಿ.

ಮಟ್ಟ ಎಷ್ಟಿರಬೇಕು?

ಪಕ್ಕದ ಮೇಜು ಬೀಡಿನ ಮೇಜಿಗೆ ಸಮನಾಗಿರಬೇಕು. ಅರ್ಧ ಮಿ.ಮೀ. ತಗ್ಗಿದ್ದರೆ ಬಾಧಕವಿಲ್ಲ, ಎತ್ತರ ಮಾತ್ರ ಇರಕೂಡದು. ಎತ್ತರವಾದರೆ ಹಲಗೆ ಅಲಗಿನ ಬಳಿ ಮೇಜು ಬಿಟ್ಟೇಳುತ್ತದೆ, ಕೊಯ್ತ ಓರೆಯಾಗುತ್ತದೆ.

ಹಿಂಬದಿಯ ಮೇಜನ್ನೂ ಇದೇ ಕ್ರಮದಲ್ಲಿ ಜೋಡಿಸಬಹುದು. ಅದರ ಉದ್ದ ಮೂರರಿಂದ ನಾಲ್ಕು ಅಡಿ ಇರಲಿ. ಆದರೆ ಜೋಡುಪಟ್ಟಿ ಸಹಿತ ಇಡೀ ಮೇಜು ಬೀಡಿನ ಮೇಜಿಗಿಂತ 2 ಮಿ.ಮೀ. ತಗ್ಗಿರಬೇಕು. ಹಾಗಿಲ್ಲದಿದ್ದರೆ ಮುಂದೆ ಸಾಗುವ ಹಲಗೆಯ ತುದಿ ಅದರ ಅಂಚಿಗೆ ತಡೆದು, ಅಲಗು ಕೊಯ್ಯುತ್ತಿರುವಾಗಲೇ ನಿಂತುಬಿಡುತ್ತದೆ. ಬೀಡಿನ ಮೇಜಿನಲ್ಲಿ ಅಡ್ಡಗೊಯ್ತಕ್ಕೆಂದು ತೋಡುಗಳಿದ್ದರೆ ಅವುಗಳ ನೇರಕ್ಕೆ ಹಿಂದಿನ ಮೇಜಿನಲ್ಲಿಯೂ ತೋಡು ತೆಗೆಯಬೇಕು.

ವರ್ಷಕ್ಕೆರಡು ಸಲ ತಪಾಸಣೆ

ಮಳೆ ಹಿಡಿದ ಮೇಲೆ ಜೂನ್ ಕೊನೆಯಲ್ಲಿ ಒಮ್ಮೆ, ಚಳಿ ಕಳೆದ ಫೆಬ್ರವರಿಯಲ್ಲಿ ಒಮ್ಮೆ ನೇರಪಟ್ಟಿ ಇಟ್ಟು ಮಟ್ಟ ನೋಡಿ, ಬೋಲ್ಟುಗಳನ್ನು ಸರಿಮಾಡಿಕೊಳ್ಳಿ. ಕಡಲ ಉಪ್ಪುಗಾಳಿಗೆ ಬೀಡಿನ ಮೇಜು ಒಂದೇ ವಾರದಲ್ಲಿ ಕೆಂಪಡರುವುದುಂಟು. ತುಕ್ಕನ್ನು ಸೀಮೆಎಣ್ಣೆ ಹಾಗೂ ನಯವಾದ ಮರಳು ಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಮೇಣ ತಿಕ್ಕಿ. ಮೇಣದಿಂದ ತುಕ್ಕೂ ತಡೆಯುತ್ತದೆ, ಹಲಗೆಯೂ ಸಲೀಸಾಗಿ ಜಾರುತ್ತದೆ. ಒದ್ದೆ ಹಲಗೆಯನ್ನಾಗಲಿ, ಚಹದ ಲೋಟವನ್ನಾಗಲಿ ಮೇಜಿನ ಮೇಲೆ ಬಿಡಬೇಡಿ.

ಎಚ್ಚರಿಕೆಯ ಮಾತು

ಮೇಜು ದೊಡ್ಡದಾದ ಮಾತ್ರಕ್ಕೆ ಗರಗಸದ ಅಪಾಯ ಹೋಗಲಿಲ್ಲ. ಅಲಗಿನ ಹಿಂದೆ ನಿಂತು ಕೊಯ್ತದ ಸಂದಿಯನ್ನು ತೆರೆದಿಡುವ ಉಕ್ಕಿನ ಪಟ್ಟಿಯನ್ನೂ ಅಲಗಿನ ಮುಚ್ಚಳವನ್ನೂ ತೆಗೆದಿಡಬಾರದು. ಚಿಕ್ಕ ತುಂಡುಗಳನ್ನು ಕೈಯಿಂದಲ್ಲ, ಕೋಲಿನಿಂದ ನೂಕಬೇಕು. ಅಲಗಿನ ನೇರಕ್ಕೆ ನಿಲ್ಲಬಾರದು, ಒಂದು ಪಕ್ಕಕ್ಕೆ ನಿಲ್ಲಬೇಕು. ಜೋತುಬೀಳುವ ಪಂಚೆ, ಹೆಗಲ ಮೇಲಿನ ಟವೆಲ್ಲು, ಕೈಗವಸು ಇವು ಕೂಡದು. ಯಂತ್ರಕ್ಕೆ ಭೂಸಂಪರ್ಕದ ತಂತಿ ಇರಲೇಬೇಕು. ಹೆಚ್ಚುವರಿ ಮೇಜನ್ನು ಸಾಮಾನು ಪೇರಿಸುವ ಜಾಗ ಮಾಡಿಕೊಳ್ಳಬೇಡಿ.

ಇನ್ನೊಂದು ವಿಷಯ. ದಿಮ್ಮಿ ಸೀಳುವ ಗರಗಸ ಮಿಲ್ಲುಗಳಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಹೊಸದಾಗಿ ಯಂತ್ರ ಕೂಡಿಸುವವರು ತಮ್ಮ ಯಂತ್ರ ಈ ವ್ಯಾಪ್ತಿಗೆ ಬರುವುದೇ ಎಂದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಒಟ್ಟಿನಲ್ಲಿ ನೆನಪಿಡಬೇಕಾದುದು ಇಷ್ಟು: ಬೀಡನ್ನು ಬಲವಂತದಿಂದ ಎಳೆಯಬೇಡಿ, ಮರಕ್ಕೆ ಹಿಗ್ಗಲು ಎಡೆ ಕೊಡಿ, ಭಾರವನ್ನು ಕಾಲುಗಳಿಗೆ ಹೊರಿಸಿ. ಹಲಗೆಯ ಭಾರವನ್ನು ಮೇಜೇ ಹೊತ್ತರೆ ಮಗನನ್ನೋ ಮಡದಿಯನ್ನೋ ಅಲಗಿನ ಹಿಂದೆ ನಿಲ್ಲಿಸುವ ಅಗತ್ಯವಿಲ್ಲ. ಉಪಾಯ ಬಲ್ಲವನಿಗೆ ಅಪಾಯವಿಲ್ಲ ಎಂಬ ಗಾದೆ ಈ ಕೆಲಸಕ್ಕೂ ಸಲ್ಲುತ್ತದೆ.